ತಿರುಗದ ಫ್ಲಾಪಿ: ಅಮಿಗಾ 500
ಇದು 1987ರಲ್ಲಿ ಮಾರುಕಟ್ಟೆಗೆ ಬಂದ ಕಮೊಡೋರ್ ಅಮಿಗಾ 500, ಮನೆಬಳಕೆಯ ಕಂಪ್ಯೂಟರ್. ಬಲಬದಿಯಲ್ಲಿ ಮೊದಲಿಗೆ 3.5 ಅಂಗುಲದ ಫ್ಲಾಪಿ ಡ್ರೈವ್ ಇತ್ತು. ಒಂದು ಫ್ಲಾಪಿಯಲ್ಲಿ ಹಿಡಿಯುತ್ತಿದ್ದುದು 880 ಕಿಲೋಬೈಟ್. ಫ್ಲಾಪಿಗಳು ಚಿರಾಯುಗಳಲ್ಲ, ಕಾಂತೀಯ ಲೇಪ ಕೆಡುತ್ತದೆ, ಬೂಷ್ಟು ಹಿಡಿಯುತ್ತದೆ.

ಈಗ ಅಲ್ಲಿರುವುದು ಫ್ಲ್ಯಾಶ್‌ಫ್ಲಾಪಿ ಫರ್ಮ್‌ವೇರ್ ತುಂಬಿದ ಗೋಟೆಕ್ ಎಮ್ಯುಲೇಟರ್, ಅಂದರೆ ಫ್ಲಾಪಿ ಡ್ರೈವಿನಂತೆ ನಟಿಸುವ ಸಾಧನ. ಹಳೆಯ ಡ್ರೈವಿನ 34 ಪಿನ್ನುಗಳ ಪಟ್ಟಿ ಕೇಬಲ್ಲೇ ಇದಕ್ಕೂ ಸಾಕು. ಇದಕ್ಕೆ ಸಿಕ್ಕಿಸಿದ ಪೆನ್‌ಡ್ರೈವಿನಲ್ಲಿ ಫ್ಲಾಪಿಗಳ ಪಡಿಯಚ್ಚಿನಂಥ ಕಡತಗಳಿವೆ. ಹೆಡ್ಡನ್ನು ಮುಂದಿನ ಟ್ರ್ಯಾಕಿಗೆ ಸರಿಸಲು ಕಂಪ್ಯೂಟರ್ ಕಳಿಸುವ ಪ್ರತಿ ಮಿಡಿತವನ್ನೂ ಎಮ್ಯುಲೇಟರ್ ಎಣಿಸಿಕೊಂಡು, ಆ ಟ್ರ್ಯಾಕಿನ ದತ್ತಾಂಶವನ್ನು ನಿಜವಾದ ಫ್ಲಾಪಿಯ ವೇಗದಲ್ಲೇ ಒಪ್ಪಿಸುತ್ತದೆ. ಹಾಗಾಗಿ ಅಮಿಗಾದ ತಂತ್ರಾಂಶದಲ್ಲಿ ಒಂದಕ್ಷರವನ್ನೂ ಬದಲಿಸಬೇಕಿಲ್ಲ. ನಮಗೆ ಬಹಳ ಹಿಡಿಸಿದ ಗುಣ ಇದೇ.

ಬಿಚ್ಚಿದ ಮೂಲ ಡ್ರೈವ್ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿದೆ. ಫ್ಲಾಪಿಗಾಗಿ ಕಾಯುವಾಗ ಅದು ಮಾಡುತ್ತಿದ್ದ ಟಕ್ ಟಕ್ ಸದ್ದು ಈಗಿಲ್ಲ.