ಸಹಿಯಿಲ್ಲದ ಆಸರೆ

ಉತ್ತರ ಪಿನಾಕಿನಿಯ ದಂಡೆಯ ನಾಗಲಮಡಿಕೆಗೆ ಆಂಧ್ರದ ಗಡಿ ದೂರವಲ್ಲ. ಸಂತೆ, ಕೂಲಿ, ನೆಂಟಸ್ತಿಕೆ ಎಂದು ಪಾವಗಡ ಸೀಮೆಯ ಜನ ಆ ಗೆರೆ ದಾಟುವಾಗ ಯಾರೂ ಕಾಗದ ಕೇಳುವುದಿಲ್ಲ. ಇದೇ ರಾಜ್ಯದ ಬೈಲಕುಪ್ಪೆಯಲ್ಲೇ ಹುಟ್ಟಿ ತಲೆ ನರೆತ ಟಿಬೆಟನ್ನರು ಮಾತ್ರ ‘ಆರ್‌ಸಿ’ ಎಂಬ ನೋಂದಣಿ ಪತ್ರವನ್ನು ಜೋಪಾನ ಮಾಡಬೇಕು, ಅವಧಿ ಮುಗಿದಾಗ ನವೀಕರಿಸಬೇಕು.

1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, 1967ರ ಪ್ರೋಟೊಕಾಲ್‌ಗೂ ಇಲ್ಲ. ದೇಶದಲ್ಲಿ ನಿರಾಶ್ರಿತರಿಗೆಂದೇ ಕಾನೂನೂ ಇಲ್ಲ. ದಶಕಗಟ್ಟಲೆ ಅವರು 1946ರ ವಿದೇಶಿಯರ ಕಾಯ್ದೆಯ ಲೆಕ್ಕದಲ್ಲಿ ಬರೀ ‘ವಿದೇಶಿಯರು’.

ಹಾಗಿದ್ದೂ ಒಪ್ಪಂದ ಹೇಳುವ ಎಷ್ಟೋ ಕೆಲಸ ಇಲ್ಲಿ ನಡೆಯಿತು. 1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದ ಬಳಿಕ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. ಹಿಮದ ನಾಡಿನವರು ಆನೆಗಳ ಹಾವಳಿಯ ನಡುವೆ ಮರ ಕಡಿದು ಜೋಳ ಬಿತ್ತಿದರು. 1966ರಲ್ಲಿ ಮುಂಡಗೋಡದಲ್ಲಿ, ಎಪ್ಪತ್ತರ ದಶಕದಲ್ಲಿ ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯದಲ್ಲಿ ಇಂಥ ಶಿಬಿರಗಳು ಎದ್ದವು. ಅವರನ್ನು ಬಲವಂತವಾಗಿ ಹಿಂದಕ್ಕೆ ಅಟ್ಟಲಿಲ್ಲ. ಒಪ್ಪಂದದ 33ನೇ ವಿಧಿಯ ತಿರುಳೂ ಅದೇ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ದೆಹಲಿಯಲ್ಲಿ ಬಾಗಿಲು ತೆರೆದದ್ದು 1969ರಲ್ಲಿ, ಟಿಬೆಟನ್ನರ ನೆರವಿಗಾಗಿ.

ಅದಕ್ಕೂ ಒಂದು ವರ್ಷ ಮೊದಲು, 1968ರಲ್ಲಿ, ಈ ಪುನರ್ವಸತಿಗೆಂದೇ ಹುಟ್ಟಿದ ಸಂಸ್ಥೆ ಮೈರಾಡ. ಆ ಕೆಲಸ ಮುಗಿಯುತ್ತ ಬಂದಂತೆ ಅದು ಬಡ ಹಳ್ಳಿಗಳತ್ತ ಹೊರಳಿತು. ಎಂಬತ್ತರ ದಶಕದಲ್ಲಿ ಅದು ಕಟ್ಟಿದ ಉಳಿತಾಯ ಗುಂಪುಗಳನ್ನು ನೋಡಿ ನಬಾರ್ಡ್ 1987ರಲ್ಲಿ ಮೈರಾಡಕ್ಕೆ 10 ಲಕ್ಷ ರೂಪಾಯಿ ನೀಡಿತು. 1992ರಲ್ಲಿ ಸ್ವಸಹಾಯ ಸಂಘಗಳಿಗೆ ಬ್ಯಾಂಕಿನ ನಂಟು ಬೆಸೆಯಿತು. ಇಂದು ಊರೂರಿನ ಹೆಂಗಸರು ವಾರದ ಉಳಿತಾಯ ಎಣಿಸುವ ರೂಢಿಗೆ ನಿರಾಶ್ರಿತರ ಶಿಬಿರದಲ್ಲೊಂದು ಬೇರಿದೆ. ಇದನ್ನು ನೆನೆಯುವವರು ಕಡಿಮೆ, ನೆನೆಯಬೇಕು.

ನೆಲ ಸಿಕ್ಕಿತು, ನೆಲೆ ಗಟ್ಟಿಯಾಗಲಿಲ್ಲ. ನಿರಾಶ್ರಿತರಿಗೆ ಪೌರತ್ವದ ದಾರಿ ಸುಗಮಗೊಳಿಸಿ ಎನ್ನುತ್ತದೆ ಒಪ್ಪಂದದ 34ನೇ ವಿಧಿ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಆ ದಾರಿ ತೆರೆದದ್ದು ಒಪ್ಪಂದದಿಂದಲ್ಲ, ನಮ್ಮದೇ ಪೌರತ್ವ ಕಾಯ್ದೆಯಿಂದ: 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು. ಮರುವರ್ಷ ಚುನಾವಣಾ ಆಯೋಗ ಅವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು.

ಆದರೆ 2017ರಲ್ಲಿ ಭಾರತೀಯ ಪಾಸ್‌ಪೋರ್ಟ್‌ಗೆ ಷರತ್ತು ಬಂತು: ಆರ್‌ಸಿ ಹಿಂತಿರುಗಿಸಬೇಕು, ಶಿಬಿರದ ವಾಸ ಬಿಡಬೇಕು. ಅಪ್ಪ ಕಾಡು ಕಡಿದು ಹಸನು ಮಾಡಿದ ಹೊಲ ಮಾತ್ರ ಆ ಶಿಬಿರದೊಳಗೇ ಇತ್ತು.