ಬೀದರ್ ಬಿಸಿಲಿಗೆ ಥರ್ಮೋಸ್ಟಾಟ್ ಯಾಕೆ? ಆಯಿಲ್ ಕೂಲರ್‌ನ ಕತೆ

ಮಾತಿನ ನಡುವೆ ಗುಂಯ್ ಅಂತ ಸದ್ದು ಬಂದ್ರೆ ನಿಮ್ಮ ಇಯರ್‌ಫೋನ್ ಕೆಟ್ಟಿದೆ ಅಂದ್ಕೋಬೇಡಿ. ಅವು ಬೀದರ್ ವಾಯುನೆಲೆಯ ವಿಮಾನಗಳು. ನಾನು ಕೂತಿರೋದು ಅಷ್ಟೂರಿನಲ್ಲಿ, ಬಹಮನಿ ಸುಲ್ತಾನರ ಗುಂಬಜ್‌ಗಳು ಸಾಲಾಗಿ ನಿಂತಿರೋ ಊರಲ್ಲಿ. ಇತಿಹಾಸದ ಪಾಡ್‌ಕಾಸ್ಟ್ ಅಂದ್ಮೇಲೆ ಅಹಮದ್ ಶಾ ವಲಿಯ ಗೋರಿ, ಅದರೊಳಗಿನ ಬಣ್ಣದ ಚಿತ್ತಾರ, ಹಿಂದೂ-ಮುಸ್ಲಿಮರು ಕೂಡಿ ಮಾಡೋ ಜಾತ್ರೆ, ಇವುಗಳಿಂದಲೇ ಶುರು ಮಾಡ್ತೀನಿ ಅಂದ್ಕೊಂಡಿರ್ತೀರಿ. ಅದನ್ನ ಇನ್ನೊಂದು ದಿನಕ್ಕೆ ಇಡೋಣ. ಇವತ್ತು ಆಯಿಲ್ ಕೂಲರ್ ಕತೆ.

ನನ್ನ ಕಾಕಾನ ಮಗ ಒಬ್ಬ ಇದ್ದಾನೆ. ಹೈದರಾಬಾದಿನಲ್ಲಿ ಕೆಲಸ. ಎರಡು ವರ್ಷ ದುಡ್ಡು ಕೂಡಿಸಿ, ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಟರ್ಬೊ ಪೆಟ್ರೋಲ್ ಸ್ಪೋರ್ಟ್ಸ್ ಕಾರು ತಗೊಂಡ. ಶನಿವಾರ ಬಂತು ಅಂದ್ರೆ ಜಹೀರಾಬಾದ್ ದಾಟಿ ಒಂದೇ ಉಸಿರಿಗೆ ಊರಿಗೆ ಬರೋನು. ಹೋದ ವರ್ಷ ಬೇಸಿಗೆಯಲ್ಲಿ ಹಾಗೇ ಬಂದು, ಮನೆ ಮುಂದೆ ನಿಲ್ಲಿಸಿದ ಕೂಡಲೇ ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿ, ಊಟಕ್ಕೆ ಒಳಗೆ ಹೋಗ್ತಿದ್ದ. ಹೀಗೇ ತಿಂಗಳುಗಟ್ಟಲೆ ನಡೀತು. ಒಂದಿನ ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂತು. ಟರ್ಬೊ ಬೇರಿಂಗ್ ಹೋಗಿತ್ತು. ಮನೆ ರಿಪೇರಿಗೆ ಅಂತ ಇಟ್ಟಿದ್ದ ದುಡ್ಡು ಟರ್ಬೊ ರಿಪೇರಿಗೆ ಹೋಯ್ತು. ಆ ಮಳೆಗಾಲ ಕಾಕು ಅಡುಗೆಮನೆಯಲ್ಲಿ ಮೂರು ಕಡೆ ಪಾತ್ರೆ ಇಟ್ಟುಕೊಂಡು ಕಳೆದಳು.

ಈ ವರ್ಷ ಮೇ ತಿಂಗಳಲ್ಲಿ ಅವನು ಒಂದು ಡಬ್ಬಿ ಹಿಡಕೊಂಡು ಬಂದ. ಆನ್‌ಲೈನ್‌ನಲ್ಲಿ ತರಿಸಿದ ಆಯಿಲ್ ಕೂಲರ್ ಕಿಟ್. ಬೀದರಿನ ಒಂದು ಗ್ಯಾರೇಜಿಗೆ ಹೋದ್ವಿ. ಉಸ್ತಾದ್ ಎಲ್ಲ ಸಾಮಾನು ಹರಡಿ ನೋಡಿ, ಒಂದನ್ನ ಮಾತ್ರ ಪಕ್ಕಕ್ಕಿಟ್ಟ. "ಈ ಥರ್ಮೋಸ್ಟಾಟ್ ಪ್ಲೇಟ್ ವಾಪಸ್ ಕೊಡ್ರಿ. ಬೀದರ್ ಬಿಸಿಲಿಗಿ ಇದು ಯಾಕ ಬೇಕು? ಎಣ್ಣಿ ಎಷ್ಟು ತಂಪ ಇರ್ತದ, ಅಷ್ಟು ಚಲೋ."

ಹೊರಗೆ 41 ಡಿಗ್ರಿ. ಮಾತು ಸರಿ ಅನಿಸ್ತು. ಆದ್ರೆ ಆ ಪ್ಲೇಟನ್ನ ಕಿಟ್ ಮಾಡಿದವರು ಸುಮ್ನೆ ಹಾಕಿರ್ತಾರಾ? ಅವತ್ತು ರಾತ್ರಿ ನಾನು ಓದಕ್ಕೆ ಕೂತೆ. ಓದ್ತಾ ಓದ್ತಾ ಬೆಂಗಳೂರಿನ ಎಚ್‌ಎಎಲ್‌ಗೆ, 1948ಕ್ಕೆ ಹೋಗಿ ನಿಂತೆ.

ಮೊದಲು ಟರ್ಬೊ ಅಂದ್ರೆ ಏನು ಅಂತ ಹೇಳಿಬಿಡ್ತೀನಿ. ಎಂಜಿನ್‌ನಿಂದ ಹೊರಗೆ ಹೋಗೋ ಹೊಗೆಗೆ ಇನ್ನೂ ಬೇಕಾದಷ್ಟು ಶಕ್ತಿ ಇರ್ತದೆ. ಅದರ ದಾರಿಯಲ್ಲಿ ಒಂದು ಸಣ್ಣ ಚಕ್ರ ಇಡ್ತಾರೆ. ಅದೇ ದಂಡಿನ ಇನ್ನೊಂದು ತುದಿಗೆ ಇನ್ನೊಂದು ಚಕ್ರ. ಹೊಗೆ ಮೊದಲನೇದನ್ನ ತಿರುಗಿಸಿದ್ರೆ ಎರಡನೇದು ಹೊರಗಿನ ಗಾಳಿಯನ್ನ ಒತ್ತಿ ಎಂಜಿನ್‌ಗೆ ತುಂಬ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್, ಹೆಚ್ಚು ಶಕ್ತಿ. ಪೆಟ್ರೋಲ್ ಕಾರಿನಲ್ಲಿ ಆ ಹೊಗೆ 900 ಡಿಗ್ರಿ ಆಸುಪಾಸು ಇರಬಹುದು. ದಂಡು ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಇಷ್ಟು ಜೋರಾಗಿ ತಿರುಗೋ ದಂಡು ಹೆಚ್ಚಿನ ಟರ್ಬೊಗಳಲ್ಲಿ ನಿಂತಿರೋದು ಎಣ್ಣೆಯ ತೆಳ್ಳನೆ ಪದರದ ಮೇಲೆ. ಲೋಹಕ್ಕೆ ಲೋಹ ತಾಗೋ ಹಾಗಿಲ್ಲ. ಅದೇ ಎಣ್ಣೆ ಬಿಸಿಯನ್ನೂ ಹೊತ್ತುಕೊಂಡು ಹೋಗಬೇಕು. ಜಾರಿಸೋದೂ ಅದೇ, ತಣಿಸೋದೂ ಅದೇ.

ಈ ಯೋಚನೆ ಹಳೇದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ತಗೊಂಡಿದ್ದ. ಆದರೆ ಅದಕ್ಕೆ ನಿಜವಾದ ಗಿರಾಕಿ ಸಿಕ್ಕಿದ್ದು ಆಕಾಶದಲ್ಲಿ. ಮೇಲೆ ಹೋದಷ್ಟೂ ಗಾಳಿ ತೆಳು, ಎಂಜಿನ್‌ಗೆ ಉಸಿರು ಕಟ್ತದೆ. 1918ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್, ಒಂದು ಲಿಬರ್ಟಿ ವಿಮಾನ ಎಂಜಿನ್ನನ್ನ ಪೈಕ್ಸ್ ಪೀಕ್ ಅನ್ನೋ ಬೆಟ್ಟದ ತುದಿಗೆ, 14,000 ಅಡಿ ಎತ್ತರಕ್ಕೆ ಸಾಗಿಸಿದ. ಸಮುದ್ರಮಟ್ಟದಲ್ಲಿ 350 ಅಶ್ವಶಕ್ತಿ ಕೊಡ್ತಿದ್ದ ಎಂಜಿನ್ ಅಲ್ಲಿ 230ಕ್ಕೆ ಬಂದು ನಿಂತಿತ್ತು. ಟರ್ಬೊ ಹಾಕಿದ ಮೇಲೆ 356.

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ದೊಡ್ಡ ಬಾಂಬರ್‌ಗಳಲ್ಲೆಲ್ಲ ಟರ್ಬೊ. ಅವುಗಳಲ್ಲಿ ಬಿ-24 ಲಿಬರೇಟರ್ ಒಂದು. ನಾಲ್ಕು ಎಂಜಿನ್, ಒಂದೊಂದು 1,200 ಅಶ್ವಶಕ್ತಿ. ಫೋಟೋ ಹುಡುಕಿ ಎಂಜಿನ್‌ನ ಮುಂಭಾಗ ನೋಡಿ. ದುಂಡಗಿಲ್ಲ, ಅಡ್ಡಡ್ಡ ಮೊಟ್ಟೆ ಥರ ಇದೆ. ಎಂಜಿನ್ ದುಂಡಗೇ ಇದೆ, ಆದರೆ ಅದರ ಎರಡೂ ಪಕ್ಕಕ್ಕೆ ಗಾಳಿ ಹೋಗೋ ಬಾಯಿಗಳಿವೆ. ಟರ್ಬೊ ಒತ್ತಿದ ಗಾಳಿಯನ್ನ ತಣಿಸಕ್ಕೆ, ಮತ್ತೆ ಎಣ್ಣೆಯನ್ನ ತಣಿಸಕ್ಕೆ. ಇವತ್ತು ಸ್ಪೋರ್ಟ್ಸ್ ಕಾರುಗಳ ಬಂಪರ್ ಮೂಲೆಯಲ್ಲಿ ಕಾಣೋ ಜಾಲರಿಗಳ ಅಜ್ಜ ಅಂತಲೇ ಅನ್ನಿ.

ಈ ಲಿಬರೇಟರ್‌ಗಳು ನಮ್ಮ ಕತೆಗೆ ಬರೋದು ಹೀಗೆ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ದರು. ಯುದ್ಧದಲ್ಲಿ ಅಮೆರಿಕದ ಸೇನೆ ಅದನ್ನ ರಿಪೇರಿ ಕೇಂದ್ರ ಮಾಡಿಕೊಂಡಿತ್ತು. ಅಲ್ಲಿನ ಕೆಲಸಗಾರರ ಕೈಗೆ ದೊಡ್ಡ ದೊಡ್ಡ ವಿಮಾನಗಳ ರಿಪೇರಿ ಕೂತುಬಿಟ್ಟಿತ್ತು. ಯುದ್ಧ ಮುಗೀತು, ಬ್ರಿಟಿಷರು ಹೊರಟರು. ಕಾನ್ಪುರದಲ್ಲಿ ಸಾಲು ಸಾಲು ಲಿಬರೇಟರ್‌ಗಳನ್ನ ಬಿಟ್ಟು ಹೋದರು. ಬಿಟ್ಟದ್ದು ಹಾರೋ ಸ್ಥಿತಿಯಲ್ಲಲ್ಲ. ಅಮೆರಿಕದಿಂದ ಯುದ್ಧಕಾಲದ ಕರಾರಿನಲ್ಲಿ ಬಂದ ವಿಮಾನಗಳು ಅವು, ಮತ್ತೆ ಯಾರೂ ಬಳಸಬಾರದು ಅಂತ ಬೇಕಂತಲೇ ಹಾಳು ಮಾಡಿದ್ದರು. ಲಾರಿಯಿಂದ ಗುದ್ದಿಸಿದ್ದರು, ಒಳಗಿನ ಸಲಕರಣೆ ಒಡೆದಿದ್ದರು, ಎಂಜಿನ್‌ಗೆ ಮರಳು ಸುರಿದಿದ್ದರು ಅಂತ ವಾಯುಪಡೆಯ ಇತಿಹಾಸ ಬರೆದವರು ಹೇಳ್ತಾರೆ.

ಮರಳು! ಟರ್ಬೊ ಬೇರಿಂಗ್ ಸುಟ್ಟವನಿಗೆ ಈ ಮಾತು ಕೇಳಿದ್ರೆ ಎದೆ ಝಲ್ ಅನ್ಬೇಕು. ಯಾಕಂದ್ರೆ ಎಣ್ಣೆ ಎಲ್ಲೆಲ್ಲಿ ಹೋಗ್ತದೋ ಅಲ್ಲೆಲ್ಲ ಕಸವೂ ಹೋಗ್ತದೆ, ಮತ್ತು ಕಸ ಹೋಗಿ ಅಡಗಿಕೊಳ್ಳೋಕೆ ಕೂಲರ್‌ನ ಸಣ್ಣ ಸಣ್ಣ ಕೊಳವೆಗಳಿಗಿಂತ ಒಳ್ಳೆ ಜಾಗ ಇಲ್ಲ. ಎಂಜಿನ್ ಬಿಚ್ಚಿ ತೊಳೆದು ಹೊಸದು ಮಾಡಿದ್ರೂ ಹಳೇ ಕೂಲರ್ ಹಾಗೇ ಉಳಿಸಿಕೊಂಡ್ರೆ ಅದೇ ಕಸ ಮತ್ತೆ ಬೇರಿಂಗ್‌ಗೆ ಬರಬಹುದು. ಅಂಥ ವಿಮಾನಗಳನ್ನ ನಮ್ಮವರು ಕಾನ್ಪುರದಲ್ಲಿ ಹಾರುವಷ್ಟು ಮಟ್ಟಿಗೆ ಜೋಡಿಸಿ, ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಪೂರ್ತಿ ರಿಪೇರಿ ಮಾಡಿದರು. ಹಾರಿಸಿ ತಂದವರು ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಜಮ್‌ಷೆಡ್ ಮುನ್ಶಿ. ಒಟ್ಟು 42 ವಿಮಾನ. ನಕ್ಷೆ ಮೇಲೆ ಕಾನ್ಪುರಕ್ಕೂ ಬೆಂಗಳೂರಿಗೂ ಸ್ಕೇಲ್ ಇಟ್ಟು ಗೆರೆ ಎಳೆದ್ರೆ ಅದು ಹೈದರಾಬಾದ್ ಹತ್ತಿರವೇ ಹಾಯ್ತದೆ, ನಮ್ಮ ಬೀದರಿಗೂ ತೀರಾ ದೂರ ಅಲ್ಲ. 1948ರ ಸೆಪ್ಟೆಂಬರಿನವರೆಗೆ ಇದೆಲ್ಲ ನಿಜಾಮನ ರಾಜ್ಯ.

1948ರ ನವೆಂಬರ್ 2ರಂದು ಆ ವಿಮಾನಗಳಿಂದಲೇ ವಾಯುಪಡೆಯ 5ನೇ ಸ್ಕ್ವಾಡ್ರನ್ ಹುಟ್ಟಿತು. ಲಿಬರೇಟರ್‌ಗಳು ನಮ್ಮಲ್ಲಿ 1968ರವರೆಗೆ ಹಾರಿದವು. ಬೇರೆ ದೇಶಗಳು ತಮ್ಮವನ್ನ ಯಾವತ್ತೋ ಗುಜರಿಗೆ ಹಾಕಿದ್ದವು. ಹಾಗಾಗಿ ಲಂಡನ್ನಿನ ವಾಯುಪಡೆ ಮ್ಯೂಸಿಯಂನಲ್ಲಿರೋ ಲಿಬರೇಟರ್, ಅಮೆರಿಕದ ಪೀಮಾ ಮ್ಯೂಸಿಯಂನಲ್ಲಿರೋ ಲಿಬರೇಟರ್, ಎರಡೂ ಭಾರತದಿಂದ ಹೋದವು. ಹಾಳು ಮಾಡಿ ಹೋದವರೇ ಕೊನೆಗೆ ನೆನಪಿಗೆ ಅಂತ ನಮ್ಮ ಹತ್ರ ಕೇಳಿ ಒಯ್ದರು. ಇದನ್ನ ಓದಿದಾಗ ನನಗೆ ನಗು ಬಂತು, ಸ್ವಲ್ಪ ಹೆಮ್ಮೆನೂ ಆಯ್ತು.

ಈಗ ಉಸ್ತಾದ್ ಪ್ರಶ್ನೆಗೆ ಬರೋಣ. ಆ ಕಾಲದ ಬಾಂಬರ್‌ಗಳು 25,000 ಅಡಿಯಲ್ಲಿ ಹಾರುವಾಗ ಹೊರಗಿನ ಗಾಳಿ ಮೈನಸ್ 35 ಡಿಗ್ರಿ ಆಸುಪಾಸು. ಎಣ್ಣೆ ತಣಿಸಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಆದರೆ ಪೈಲಟ್‌ಗಳಿಗೆ ಅಲ್ಲೇ ಒಂದು ವಿಚಿತ್ರ ಕಾಟ ಇತ್ತು. ಕೂಲರ್ ಒಳಗೆ ಕೊಳವೆ ಗೋಡೆಗೆ ತಾಗಿದ ಎಣ್ಣೆ ಚಳಿಗೆ ತುಪ್ಪದ ಹಾಗೆ ಹೆಪ್ಪುಗಟ್ಟೋದು. ದಾರಿ ಕಟ್ಟಿಕೊಳ್ಳೋದು. ಬಿಸಿ ಎಣ್ಣೆ ಕೂಲರ್‌ನಲ್ಲಿ ಹರಿಯಕ್ಕೆ ಆಗದೆ ಪಕ್ಕದ ಬೈಪಾಸ್ ಹಿಡಿದು, ತಣ್ಣಗಾಗದೆ ಎಂಜಿನ್‌ಗೆ ವಾಪಸ್. ಮೀಟರ್‌ನಲ್ಲಿ ಎಣ್ಣೆ ಬಿಸಿ ಏರೋದು. ಪೈಲಟ್ ಗಾಬರಿಯಿಂದ ಕೂಲರ್‌ನ ಬಾಗಿಲು ಇನ್ನಷ್ಟು ತೆರೆದ್ರೆ ಇನ್ನಷ್ಟು ಹೆಪ್ಪು, ಇನ್ನಷ್ಟು ಬಿಸಿ. ಉಪಾಯ ಏನಂದ್ರೆ ಬಾಗಿಲು ಮುಚ್ಚೋದು. ಕೂಲರ್ ಸ್ವಲ್ಪ ಬೆಚ್ಚಗಾಗಿ, ಹೆಪ್ಪು ಕರಗಿ, ಎಣ್ಣೆ ಮತ್ತೆ ಹರಿದ್ರೆ ಮಾತ್ರ ಬಿಸಿ ಇಳಿಯೋದು.

ಬೀದರಿನಲ್ಲಿ ಯಾವತ್ತೂ ಮೈನಸ್ 35 ಆಗಲ್ಲ, ಒಪ್ಪಿದೆ. ಆದರೆ ಎಣ್ಣೆಯ ಗುಣ ಅದೇ. 90ರಿಂದ 110 ಡಿಗ್ರಿ ನಡುವೆ ಅದು ಆರಾಮಾಗಿ ಕೆಲಸ ಮಾಡ್ತದೆ. 130 ದಾಟಿ ಬಹಳ ಹೊತ್ತು ಇದ್ರೆ ಬೇಗ ಕೆಡ್ತದೆ. ತೀರಾ ತಣ್ಣಗಿದ್ರೆ ಮಂದ. ಎಂಜಿನ್‌ನಲ್ಲಿ ಸೇರಿಕೊಳ್ಳೋ ನೀರಿನಂಶ, ಪೆಟ್ರೋಲ್ ಅಂಶ ಆವಿಯಾಗಿ ಹೋಗಲ್ಲ, ಕೆಸರು ಕಟ್ತದೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಹೈವೇ ಗಾಳಿ ನೇರ ಕೂಲರ್‌ಗೆ ಹೊಡೀತಿದ್ರೆ, ಥರ್ಮೋಸ್ಟಾಟ್ ಇಲ್ಲದ ಗಾಡಿಯ ಎಣ್ಣೆ ಕಾಯೋದೇ ಕಷ್ಟ. ಪೋರ್ಶೆಯವರು 1974ರಲ್ಲಿ 911 ಟರ್ಬೊ ತೋರಿಸಿದಾಗ ಅದಕ್ಕೆ ನೀರಿನ ರೇಡಿಯೇಟರೇ ಇರಲಿಲ್ಲ. ಗಾಳಿ ಮತ್ತು ಎಣ್ಣೆಯಿಂದಲೇ ತಣಿಯೋ ಎಂಜಿನ್. ಹಿಂದಿನ ಎಂಜಿನ್‌ನಿಂದ ಎಣ್ಣೆ ಉದ್ದಕ್ಕೆ ಪೈಪಿನಲ್ಲಿ ಮುಂದಿನ ಬಲಗಡೆ ಚಕ್ರದ ಹತ್ತಿರದ ಕೂಲರ್‌ವರೆಗೆ ಬರೋದು. ಅಂಥ ಕಾರಿಗೂ ಅವರು ಥರ್ಮೋಸ್ಟಾಟ್ ಇಟ್ಟಿದ್ದರು. ನಮ್ಮಲ್ಲಿ 2007ರ ಪಲ್ಸರ್ 200 ಓಡಿಸಿದ ಅಣ್ಣಂದಿರಿಗೆ ಆಯಿಲ್ ಕೂಲರ್ ಹೊಸದಲ್ಲ, ಬಿಡಿ. ಮುಂದೆ ಕಾಣ್ತಿದ್ದ ಆ ಸಣ್ಣ ರೇಡಿಯೇಟರ್‌ಗೆ ಕೆಸರು ಬಿದ್ರೆ ಎಷ್ಟು ಮಂದಿ ತೊಳೆದಿದ್ದರೋ!

ಇಷ್ಟೆಲ್ಲ ಓದಿದ ಮೇಲೆ ನನ್ನ ತಮ್ಮನಿಗೆ ಒಂದು ಕಹಿ ಮಾತೂ ಹೇಳಬೇಕಾಯ್ತು. ಅವನ ಮೊದಲ ಟರ್ಬೊ ಸತ್ತಿದ್ದು ಬಹುಶಃ ಕೂಲರ್ ಇಲ್ಲದ್ದಕ್ಕಲ್ಲ. ಸಂಜೆ ಹೊತ್ತು ಗುಂಬಜ್ ಗೋಡೆ ಮುಟ್ಟಿ ನೋಡಿ, ಸೂರ್ಯ ಮುಳುಗಿದ್ರೂ ಕಲ್ಲು ಬಿಸಿ ಬಿಡ್ತಾನೇ ಇರ್ತದೆ. ಟರ್ಬೊ ಕವಚನೂ ಹಾಗೇ. ಎಂಜಿನ್ ಬಂದ್ ಆದ ಕೂಡಲೇ ಆಯಿಲ್ ಪಂಪ್ ನಿಲ್ತದೆ, ಕವಚದ ಬಿಸಿ ಮಾತ್ರ ಬೇರಿಂಗ್‌ಗೆ ಇಳೀತಾ ಇರ್ತದೆ. ಅಲ್ಲಿ ನಿಂತ ಎಣ್ಣೆ ಸುಟ್ಟು ಕರಿ ಕಟ್ತದೆ. ಇದಕ್ಕಂತಲೇ 1980ರ ದಶಕದಿಂದ ಟರ್ಬೊಗಳಿಗೆ ನೀರಿನ ದಾರಿಯೂ ಬಂತು. ಇವತ್ತಿನ ಹಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಆ ನೀರನ್ನ ತಿರುಗಿಸೋ ಸಣ್ಣ ಪಂಪ್ ಇದೆ. ಇವನ ಕಾರಿನಲ್ಲಿ ಇರಲಿಲ್ಲ. ಕೂಲರ್ ಹಾಕಿದ್ರೂ ನಿಲ್ಲಿಸೋ ಮುಂಚೆ ಒಂದೆರಡು ನಿಮಿಷ ಸುಮ್ಮನೆ ಚಾಲೂ ಇಡೋ ಅಭ್ಯಾಸ ಮಾಡ್ಕೋಬೇಕು ಅಂದೆ.

"ಹಂಗಾದ್ರ ಕೂಲರ್ ಬ್ಯಾಡೇನು ಅಣ್ಣಾ?"

ಅಳೆದು ನೋಡೋಣ ಅಂದೆ. ಎಣ್ಣೆ ಬಿಸಿ ತೋರಿಸೋ ಮೀಟರ್ ಹಾಕಿ, ಮಧ್ಯಾಹ್ನ ಜಹೀರಾಬಾದ್ ಕಡೆ ಹೋದ್ವಿ. 128 ಡಿಗ್ರಿ. ಕೂಲರ್ ಬೇಕಿತ್ತು. ಅಳೆದಾಗ 105 ಬಂದಿದ್ರೆ ಕಿಟ್ ವಾಪಸ್ ಕಳಿಸಿ ಅಂತಿದ್ದೆ. ಊರೊಳಗೆ ಓಡಿಸೋ ಕಾರುಗಳಿಗೆ ಕಂಪನಿ ಕೊಟ್ಟದ್ದೇ ಸಾಕು. ಜೋಡಣೆ ಹೆಚ್ಚಾದಷ್ಟೂ ಸೋರೋ ಜಾಗ ಹೆಚ್ಚು.

ಉಸ್ತಾದ್‌ಗೆ ಲಿಬರೇಟರ್ ಕತೆ ಹೇಳಿದೆ. ನಂಬಿದನೋ ಇಲ್ಲವೋ, ತುಪ್ಪದ ಮಾತು ಮಾತ್ರ ಹಿಡಿಸ್ತು. ಥರ್ಮೋಸ್ಟಾಟ್ ಪ್ಲೇಟ್ ಆಯಿಲ್ ಫಿಲ್ಟರ್‌ಗೂ ಎಂಜಿನ್‌ಗೂ ನಡುವೆ ಕೂತಿತು. ಕೂಲರ್‌ನ ನೀರಿನ ರೇಡಿಯೇಟರ್ ಮುಂದೆ ಅಡ್ಡ ಇಡದೆ ಬಂಪರಿನ ಮೂಲೆಯಲ್ಲಿ, ನೇರ ಗಾಳಿ ಬೀಳೋ ಕಡೆ ಕಟ್ಟಿದ. ಎಲ್ಲ ಮುಗಿದ ಮೇಲೆ ನಾನು ಟಾರ್ಚ್ ಹಾಕಿ ನೋಡಿದ್ರೆ ಒಂದು ಹೋಸ್ ಚಾಸಿಯ ಚೂಪು ಅಂಚಿಗೆ ತಾಗಿತ್ತು. ತಿಂಗಳೊಪ್ಪತ್ತಿನಲ್ಲಿ ಅಲ್ಲಿ ಸವೆದು ಒಡೆದಿದ್ರೆ, ಎಣ್ಣೆಯೆಲ್ಲ ನಿಮಿಷದೊಳಗೆ ರಸ್ತೆಗೆ. ಟರ್ಬೊ ಜೊತೆ ಎಂಜಿನ್ನೂ ಹೋಗ್ತಿತ್ತು. ಉಸ್ತಾದ್ ಮರುಮಾತಾಡದೆ ಬಿಚ್ಚಿ, ರಬ್ಬರ್ ತೊಡಿಸಿ, ದಾರಿ ಬದಲಿಸಿ ಕಟ್ಟಿದ. ಹೊಸ ಪೈಪ್, ಹೊಸ ಕೂಲರ್ ತುಂಬಕ್ಕೆ ಮುಕ್ಕಾಲು ಲೀಟರ್ ಎಣ್ಣೆ ಹೆಚ್ಚಿಗೆ ಬೇಕಾಯ್ತು. ಅದೇ ವಾರ, ಅದೇ ರಸ್ತೆ, ಅದೇ ಬಿಸಿಲು. ಮೀಟರ್ 106ಕ್ಕೆ ನಿಂತಿತು.

ನಿನ್ನೆ ಬೆಳಗ್ಗೆ ಆರಕ್ಕೆ ಚಳಿಯಲ್ಲಿ ಬಾನೆಟ್ ತೆಗೆದು ಕೂಲರ್ ಹೋಸ್ ಮುಟ್ಟಿದೆ. ಎಂಜಿನ್ ಚಾಲೂ ಆಗಿ ಐದು ನಿಮಿಷ ಆಗಿದ್ರೂ ತಣ್ಣಗಿತ್ತು. ಬೀದರ್ ಕಡೆ ಒಂದು ಸುತ್ತು ಜೋರಾಗಿ ಹೋಗಿ ಬಂದು ಮತ್ತೆ ಮುಟ್ಟಿದ್ರೆ ಕೈ ಇಡೋಕಾಗಲಿಲ್ಲ. ಥರ್ಮೋಸ್ಟಾಟ್ ತನ್ನ ಹೊತ್ತಿಗೆ ಬಾಗಿಲು ತೆರೆದಿತ್ತು. ಮನೆ ಮುಂದೆ ಕಾರು ನಿಂತಿತು, ಎಂಜಿನ್ ಚಾಲೂ, ಇಬ್ಬರೂ ಒಳಗೆ ಕೂತಿದ್ವಿ. ಅಡುಗೆಮನೆ ಕಿಟಕಿಯಿಂದ ಕಾಕು ಕೂಗಿದಳು: "ಯಾಕ ಗಾಡಿ ಚಾಲೂ ಇಟ್ಟು ಕುಂತೀರಿ? ಪೆಟ್ರೋಲ್ ಏನು ಪುಕ್ಕಟ ಬರ್ತದೇನು?"

ತಮ್ಮ ಮೀಟರ್ ಮೇಲಿನ ಕಣ್ಣು ತೆಗೀಲಿಲ್ಲ. "ಇನ್ನ ಒಂದ್ ಮಿನಿಟ್, ಅವ್ವಾ" ಅಂದ.