ತಣ್ಣನೆಯ ಊರಲ್ಲೂ ಕಂಪ್ಯೂಟರ್ ಬಿಸಿಯಾಗುವುದೇಕೆ? ಸ್ಪೀಕರ್ ‘ಗುಂಯ್’ ಅನ್ನುವುದೇಕೆ?

ಇಂಥ ಎರಡು ಮೆಸೇಜ್‌ಗಳು ನಿಮಗೂ ಬಂದಿರಬಹುದು. ಒಂದು: ‘ಲ್ಯಾಪ್‌ಟಾಪ್ ಬಿಸಿಯಾದರೆ ಹತ್ತು ನಿಮಿಷ ಫ್ರಿಜ್‌ನಲ್ಲಿಡಿ.’ ಇನ್ನೊಂದು: ‘ಸ್ಪೀಕರ್ ಗುಂಯ್ ಅಂದರೆ ಪ್ಲಗ್‌ನ ದಪ್ಪ ಪಿನ್ ತೆಗೆದುಬಿಡಿ, ಶಬ್ದ ನಿಲ್ಲುತ್ತದೆ.’ ಮೊದಲನೆಯದು ಲ್ಯಾಪ್‌ಟಾಪನ್ನು ಹಾಳು ಮಾಡಬಹುದು. ಎರಡನೆಯದು ಮನೆಯವರ ಜೀವವನ್ನೇ ತೆಗೆಯಬಹುದು. ಕಷ್ಟ ಏನೆಂದರೆ, ದಪ್ಪ ಪಿನ್ ತೆಗೆದಾಗ ಎಷ್ಟೋ ಸಲ ಶಬ್ದ ನಿಜವಾಗಿಯೂ ನಿಲ್ಲುತ್ತದೆ. ಅದಕ್ಕೇ ಜನ ನಂಬಿ ಮುಂದಕ್ಕೆ ಕಳಿಸುತ್ತಾರೆ.

ಈ ಉಪಾಯಗಳನ್ನು ಪರೀಕ್ಷಿಸಲು ಬಾಬಾಬುಡನ್‌ಗಿರಿ ಸುತ್ತಿನ ಕಾಫಿ ಸೀಮೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೇವ, ಕೊಯ್ಲಿನ ಕಾಲದಲ್ಲಿ ಕಣದ ಧೂಳು, ಬೇಸಿಗೆಯ ಕೊನೆಗೆ ಗುಡುಗು ಸಿಡಿಲು. ಕಂಪ್ಯೂಟರಿಗೆ ಬರುವ ಎಲ್ಲ ಕಷ್ಟಗಳೂ ಇಲ್ಲಿ ಸರದಿಯಲ್ಲಿ ಬರುತ್ತವೆ.

ಊರು ತಂಪಾಗಿದ್ದರೂ ಕಂಪ್ಯೂಟರ್ ಯಾಕೆ ಬಿಸಿ?

ಕಂಪ್ಯೂಟರ್ ಎಳೆದುಕೊಳ್ಳುವ ವಿದ್ಯುತ್ ಹೆಚ್ಚುಕಡಿಮೆ ಎಲ್ಲವೂ ಕೊನೆಗೆ ಶಾಖವೇ ಆಗುತ್ತದೆ. ಹೆಚ್ಚು ಕೆಲಸ ಕೊಟ್ಟಾಗ ಸಾಮಾನ್ಯ ಲ್ಯಾಪ್‌ಟಾಪ್ 30ರಿಂದ 60 ವ್ಯಾಟ್ ತೆಗೆದುಕೊಳ್ಳುತ್ತದೆ. ಹಳೆಯ ಕಾಲದ 40 ವ್ಯಾಟ್ ಬಲ್ಬು ಮುಟ್ಟಿದರೆ ಕೈ ಸುಡುತ್ತಿದ್ದುದು ನೆನಪಿದೆಯಲ್ಲ? ಅಷ್ಟೇ ಶಾಖ ಈ ತೆಳ್ಳನೆಯ ಪೆಟ್ಟಿಗೆಯೊಳಗೆ ಹುಟ್ಟುತ್ತದೆ. ಅದನ್ನು ಹೊರಹಾಕುವುದು ಒಳಗಿನ ಫ್ಯಾನ್ ಮತ್ತು ಅದು ಎಳೆಯುವ ಗಾಳಿ. ಗಾಳಿಯ ದಾರಿ ಮುಚ್ಚಿದರೆ ಹೊರಗೆ ಎಷ್ಟೇ ಚಳಿ ಇದ್ದರೂ ಪ್ರಯೋಜನವಿಲ್ಲ.

ಚಳಿಯ ಊರಿನಲ್ಲಿ ಆ ದಾರಿಯನ್ನು ಮುಚ್ಚುವುದು ನಾವೇ. ಚಳಿ ಎಂದು ಹಾಸಿಗೆ ಸೇರುತ್ತೇವೆ, ಲ್ಯಾಪ್‌ಟಾಪನ್ನು ಕಂಬಳಿಯ ಮೇಲಿಡುತ್ತೇವೆ. ಬಹುತೇಕ ಲ್ಯಾಪ್‌ಟಾಪ್‌ಗಳು ಗಾಳಿ ಎಳೆದುಕೊಳ್ಳುವುದು ಅಡಿಭಾಗದಿಂದ. ಕಂಬಳಿ ಆ ಕಿಂಡಿಗಳನ್ನು ಮುಚ್ಚುತ್ತದೆ, ಅದರ ಜುಂಗು ಒಳಗೆ ಹೋಗಿ ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ಕಣದಿಂದ ಬರುವ ಧೂಳು, ಕಾಫಿ ಸಿಪ್ಪೆಯ ಪುಡಿ ಇದಕ್ಕೆ ಸೇರುತ್ತದೆ. ಸೌದೆ ಒಲೆಯ ಹೊಗೆ ಇರುವ ಮನೆಯಲ್ಲಿ ಧೂಳು ಜಿಗುಟಾಗಿ ಅಂಟಿ ಕೂರುತ್ತದೆ.

‘ಎತ್ತರದ ಜಾಗದಲ್ಲಿ ಗಾಳಿ ತೆಳು, ಅದಕ್ಕೇ ಬಿಸಿ’ ಎಂಬ ಮಾತೂ ಇದೆ. ಇದರಲ್ಲಿ ಸ್ವಲ್ಪ ಸತ್ಯವಿದೆ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೆ ಗಾಳಿಯ ಸಾಂದ್ರತೆ ಸುಮಾರು 10 ಶೇಕಡಾ ಕಡಿಮೆ. ಆದರೆ ಅಲ್ಲಿನ ತಂಪು ಆ ಕೊರತೆಯನ್ನು ತುಂಬಿಕೊಡುತ್ತದೆ. ತಯಾರಕರು ಕಂಪ್ಯೂಟರ್‌ಗಳನ್ನು ಸಾಮಾನ್ಯವಾಗಿ 3,000 ಮೀಟರ್ ಎತ್ತರದವರೆಗೆ ಕೆಲಸ ಮಾಡುವಂತೆಯೇ ರೂಪಿಸಿರುತ್ತಾರೆ. ಮುಳ್ಳಯ್ಯನಗಿರಿಯ ತುದಿಯೂ 2,000 ಮೀಟರ್ ಮುಟ್ಟುವುದಿಲ್ಲ.

ಬಿಸಿಯ ಕಾರಣ ಹುಡುಕುವ ಕ್ರಮ

ದುಡ್ಡು ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಎರಡು ಮೂರು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದೇ ಇಲ್ಲ.

1. ಗಟ್ಟಿಯಾದ, ಚಪ್ಪಟೆ ಮೇಜಿನ ಮೇಲಿಡಿ. ಹಿಂಭಾಗದ ಎರಡು ಮೂಲೆಗೆ ಬಾಟಲಿ ಮುಚ್ಚಳದಷ್ಟು ಎತ್ತರ ಕೊಡಿ. ಇಷ್ಟಕ್ಕೇ ಬಿಸಿ ಇಳಿದರೆ ಕಾರಣ ಕಂಬಳಿಯೇ.

2. ಗಾಳಿ ಹೊರಬರುವ ಕಿಂಡಿಗೆ ಕೈ ಹಿಡಿಯಿರಿ. ಫ್ಯಾನ್ ಸದ್ದು ಜೋರಾಗಿದ್ದು ಗಾಳಿ ಬರದಿದ್ದರೆ ಧೂಳು ಕಟ್ಟಿದೆ. ಪೆಟ್ಟಿಗೆ ತುಂಬ ಬಿಸಿಯಿದ್ದೂ ಸದ್ದೇ ಇಲ್ಲದಿದ್ದರೆ ಫ್ಯಾನ್ ಕೆಟ್ಟಿರಬಹುದು.

3. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ನೀವು ಏನೂ ಮಾಡದೆ ಕೂತಿದ್ದರೂ ಯಾವುದಾದರೂ ಪ್ರೋಗ್ರಾಂ ಸಿಪಿಯುವನ್ನು ಸತತವಾಗಿ ತಿನ್ನುತ್ತಿದ್ದರೆ ತೊಂದರೆ ಯಂತ್ರದ್ದಲ್ಲ, ಆ ಪ್ರೋಗ್ರಾಂನದು.

4. ಧೂಳು ತೆಗೆಯಿರಿ. ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಕೈಬ್ಲೋವರ್‌ನಿಂದ ಚಿಕ್ಕ ಚಿಕ್ಕದಾಗಿ ಗಾಳಿ ಬಿಡಿ. ಡೆಸ್ಕ್‌ಟಾಪ್ ಆದರೆ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಇಲ್ಲದಿದ್ದರೆ ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಕೆಡಬಹುದು. ಬಾಯಿಂದ ಊದಬೇಡಿ, ಉಸಿರಿನಲ್ಲಿ ತೇವ ಇರುತ್ತದೆ.

5. ಇಷ್ಟಾದರೂ ಸರಿಯಾಗದಿದ್ದರೆ, ಯಂತ್ರ ನಾಲ್ಕೈದು ವರ್ಷ ಹಳೆಯದಾಗಿದ್ದರೆ, ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿರಬಹುದು. ಅಭ್ಯಾಸ ಇಲ್ಲದವರು ಅದನ್ನು ರಿಪೇರಿಯವರಿಗೆ ಬಿಡುವುದು ಒಳ್ಳೆಯದು.

ಎಷ್ಟು ಬಿಸಿ ಎಂದರೆ ಅತಿ? ಜೋರಾಗಿ ಕೆಲಸ ಮಾಡುವಾಗ ಪ್ರೊಸೆಸರ್ 80 ಡಿಗ್ರಿ ಸೆಲ್ಸಿಯಸ್ ದಾಟುವುದು ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯ. ಸುಮಾರು 100 ಡಿಗ್ರಿ ಹತ್ತಿರವಾದಾಗ ಹೆಚ್ಚಿನ ಪ್ರೊಸೆಸರ್‌ಗಳು ತಾವೇ ವೇಗ ಇಳಿಸಿಕೊಳ್ಳುತ್ತವೆ. ಆಗಲೂ ತಣಿಯದಿದ್ದರೆ ಯಂತ್ರ ಆಫ್ ಆಗುತ್ತದೆ.

ಆದರೆ ಆಫ್ ಆದದ್ದೆಲ್ಲ ಬಿಸಿಯಿಂದಲೇ ಅಲ್ಲ. ಸ್ವಲ್ಪ ಹೊತ್ತು ಜೋರಾಗಿ ಕೆಲಸ ಮಾಡಿದ ಮೇಲೆ ಆಫ್ ಆಗಿ, ತಣಿದ ಮೇಲೆ ಮತ್ತೆ ಆನ್ ಆದರೆ ಬಿಸಿಯನ್ನು ಅನುಮಾನಿಸಿ. ಮನೆಯ ಲೈಟು ಮಂಕಾದಾಗ, ಪಂಪ್‌ಸೆಟ್ ಶುರುವಾದಾಗ ಡೆಸ್ಕ್‌ಟಾಪ್ ಆಫ್ ಆದರೆ ಅದು ವೋಲ್ಟೇಜ್ ಸಮಸ್ಯೆ. ಅದಕ್ಕೆ ಯುಪಿಎಸ್ ಬೇಕು, ಕೂಲಿಂಗ್ ಪ್ಯಾಡ್ ಅಲ್ಲ.

ಫ್ರಿಜ್, ಐಸ್, ಒದ್ದೆ ಬಟ್ಟೆ ಯಾಕೆ ಬೇಡ?

ಒಣಗಿಸಿದ ಕಾಫಿಯನ್ನು ಮಳೆಗಾಲದಲ್ಲಿ ತೆರೆದಿಟ್ಟರೆ ಏನಾಗುತ್ತದೆ ಎಂದು ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ಕಷ್ಟಪಟ್ಟು 10–11 ಶೇಕಡಾ ತೇವಕ್ಕೆ ಇಳಿಸಿದ ಬೀಜ ಮತ್ತೆ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಆ ನೀರು ಗಾಳಿಯಲ್ಲೇ ಇದೆ. ಕಂಪ್ಯೂಟರಿನ ಲೋಹ ಅದನ್ನು ಹೀರಿಕೊಳ್ಳುವುದಿಲ್ಲ, ಆದರೆ ತಣ್ಣಗಿದ್ದರೆ ಅದರ ಮೇಲೆ ಹನಿ ಕಟ್ಟುತ್ತದೆ.

ಮಳೆಗಾಲದ ಒಂದು ದಿನ ಕೋಣೆಯಲ್ಲಿ 22 ಡಿಗ್ರಿ, ಗಾಳಿಯ ತೇವಾಂಶ 90 ಶೇಕಡಾ ಇದೆ ಎಂದುಕೊಳ್ಳಿ. ಆಗ ಸುಮಾರು 20 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ನೀರು ಕೂರುತ್ತದೆ. ಫ್ರಿಜ್‌ನ ಒಳಗೆ 4 ಡಿಗ್ರಿ ಆಸುಪಾಸು. ಅಲ್ಲಿಂದ ತೆಗೆದ ನೀರಿನ ಬಾಟಲಿ ಬೆವರುವುದನ್ನು ದಿನಾ ನೋಡುತ್ತೇವೆ. ಲ್ಯಾಪ್‌ಟಾಪ್ ಕೂಡ ಹಾಗೇ ಬೆವರುತ್ತದೆ, ಹೊರಗೂ ಒಳಗೂ. ಆ ನೀರಿನೊಂದಿಗೆ ಆನ್ ಮಾಡಿದರೆ ಶಾರ್ಟ್ ಆಗಬಹುದು. ತಕ್ಷಣ ಏನೂ ಆಗದಿದ್ದರೂ ಒಳಗಿನ ತಾಮ್ರಕ್ಕೆ ನಿಧಾನವಾಗಿ ಕಿಲುಬು ಹಿಡಿಯುತ್ತದೆ.

ಬೆಳಗಿನ ಮಂಜಿನಲ್ಲಿ ಬೈಕಿನಲ್ಲಿ ತಂದ ಲ್ಯಾಪ್‌ಟಾಪನ್ನು ಬೆಚ್ಚನೆಯ ಮನೆಯೊಳಗೆ ಬಂದ ಕೂಡಲೇ ತೆರೆಯುವಾಗಲೂ ಇದೇ ಅಪಾಯ. ಮುಕ್ಕಾಲು ಗಂಟೆ ಬ್ಯಾಗಿನಲ್ಲೇ ಬಿಟ್ಟು ಆಮೇಲೆ ಆನ್ ಮಾಡಿ. ಮಳೆಗಾಲದಲ್ಲಿ ಕಂಪ್ಯೂಟರನ್ನು ವಾರಗಟ್ಟಲೆ ಮುಚ್ಚಿಡುವ ಬದಲು ದಿನಕ್ಕೆ ಅರ್ಧ ಗಂಟೆ ಓಡಿಸಿ. ಅದರ ಶಾಖವೇ ತೇವವನ್ನು ಓಡಿಸುತ್ತದೆ. ತಣಿದ ಮೇಲೆ ಹೊದಿಸಲು ಪ್ಲಾಸ್ಟಿಕ್‌ಗಿಂತ ಹತ್ತಿ ಬಟ್ಟೆ ಮೇಲು.

ಶಬ್ದ ಬರುತ್ತಿಲ್ಲ, ಒಡೆಯುತ್ತಿದೆ: ಏನು ನೋಡಬೇಕು?

‘ಸೌಂಡ್ ಹೋಯಿತು’ ಎಂದರೆ ಸ್ಪೀಕರ್ ಸತ್ತಿತು ಎಂದಲ್ಲ. ಇಲ್ಲೂ ಒಂದೊಂದಾಗಿ ನೋಡೋಣ.

ಮೊದಲು ಸೌಂಡ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಯಾವುದೆಂದು ನೋಡಿ. ಎಚ್‌ಡಿಎಂಐ ಕೇಬಲ್‌ನಿಂದ ಟಿವಿ ಜೋಡಿಸಿದ್ದರೆ ಶಬ್ದ ಟಿವಿಗೆ ಹೋಗಿರಬಹುದು. ಪಕ್ಕದ ಕೋಣೆಯ ಬ್ಲೂಟೂತ್ ಸ್ಪೀಕರ್‌ಗೂ ಹೋಗಿರಬಹುದು.

ಆಮೇಲೆ ಅದಲು ಬದಲು ಮಾಡಿ. ನಿಮ್ಮ ಇಯರ್‌ಫೋನನ್ನು ಬೇರೆ ಫೋನಿಗೆ ಹಾಕಿ, ಬೇರೆ ಇಯರ್‌ಫೋನನ್ನು ನಿಮ್ಮ ಕಂಪ್ಯೂಟರಿಗೆ ಹಾಕಿ. ತೊಂದರೆ ಯಾವುದರ ಜೊತೆ ಹೋಗುತ್ತದೋ ಅದೇ ಕೆಟ್ಟಿದೆ. ಡೆಸ್ಕ್‌ಟಾಪ್‌ನಲ್ಲಿ ಸ್ಪೀಕರ್ ಪಿನ್ ಸಾಮಾನ್ಯವಾಗಿ ಹಸಿರು ಬಣ್ಣದ ತೂತಿಗೆ, ಮೈಕ್ ಗುಲಾಬಿ ಬಣ್ಣದ್ದಕ್ಕೆ.

ಇಯರ್‌ಫೋನ್ ತೆಗೆದರೂ ಪರದೆಯಲ್ಲಿ ಹೆಡ್‌ಫೋನ್ ಗುರುತು ಉಳಿದಿದ್ದರೆ, ಜ್ಯಾಕ್ ಒಳಗಿನ ಪುಟ್ಟ ಸಂಪರ್ಕಕ್ಕೆ ಕಸ ಅಥವಾ ಕಿಲುಬು ಹಿಡಿದಿರಬಹುದು. ತೇವದ ಊರುಗಳಲ್ಲಿ ಇದು ತೀರಾ ಸಾಮಾನ್ಯ. ಯಂತ್ರ ಆಫ್ ಮಾಡಿ, ಪಿನ್ನನ್ನು ಹತ್ತು ಹದಿನೈದು ಸಲ ಹಾಕಿ ತೆಗೆಯಿರಿ. ಬೇಕಿದ್ದರೆ ಪಿನ್ನಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ, ಪೂರ್ತಿ ಒಣಗಿದ ಮೇಲಷ್ಟೇ ಆನ್ ಮಾಡಿ. ಸ್ಯಾನಿಟೈಸರ್, ಕೊಬ್ಬರಿ ಎಣ್ಣೆ ಬೇಡ. ಸ್ಯಾನಿಟೈಸರ್‌ನಲ್ಲಿ ನೀರೂ ಅಂಟೂ ಇರುತ್ತವೆ, ಎಣ್ಣೆಗೆ ಧೂಳು ಹಿಡಿಯುತ್ತದೆ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಶಬ್ದ ಚಟಪಟ ಎಂದು ಒಡೆಯುವುದಕ್ಕೆ ಕಾರಣ ಬಿಸಿಯೂ ಆಗಿರಬಹುದು. ಪ್ರೊಸೆಸರ್ ಬಿಸಿಯಾಗಿ ವೇಗ ಇಳಿಸಿಕೊಂಡಾಗ ಶಬ್ದದ ಮಾಹಿತಿ ಸಮಯಕ್ಕೆ ತಲುಪುವುದಿಲ್ಲ, ನಡುನಡುವೆ ತುಂಡಾಗುತ್ತದೆ. ಆನ್ ಮಾಡಿದಾಗ ಚೆನ್ನಾಗಿದ್ದು ಅರ್ಧ ಗಂಟೆಯ ನಂತರ ಒಡೆಯತೊಡಗಿದರೆ ಸ್ಪೀಕರ್ ಬದಲಿಸುವ ಮುನ್ನ ಧೂಳು ತೆಗೆಸಿ. ಮೊದಲಿನಿಂದಲೂ ಕರಕರ ಎಂದರೆ, ಬೇರೆ ಸ್ಪೀಕರ್‌ನಲ್ಲಿ ಸರಿ ಇದ್ದರೆ, ಸ್ಪೀಕರ್‌ನ ಕಾಗದದ ಕೋನ್ ತೇವಕ್ಕೆ ಮೆತ್ತಗಾಗಿರಬಹುದು ಅಥವಾ ಬೂಸ್ಟು ಹಿಡಿದಿರಬಹುದು.

‘ಗುಂಯ್’ ಶಬ್ದ ಮತ್ತು ದಪ್ಪ ಪಿನ್

ನಮ್ಮ ಮನೆಯ ಕರೆಂಟು 230 ವೋಲ್ಟ್, ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಕಂಪ್ಯೂಟರ್ ಒಂದು ಗೋಡೆಯ ಪ್ಲಗ್‌ನಲ್ಲಿ, ಸ್ಪೀಕರ್ ಇನ್ನೊಂದರಲ್ಲಿ ಇದ್ದು ಎರಡಕ್ಕೂ ಅರ್ಥಿಂಗ್ ಇದ್ದರೆ, ಆಡಿಯೋ ತಂತಿ ಮತ್ತು ಅರ್ಥ್ ತಂತಿ ಸೇರಿ ಒಂದು ಉಂಗುರವಾಗುತ್ತದೆ. ಅದರಲ್ಲಿ ಹರಿಯುವ ಸಣ್ಣ ಕರೆಂಟೇ ಗುಂಯ್ ಎಂದು ಕೇಳುತ್ತದೆ. ದಪ್ಪ ಪಿನ್ ತೆಗೆದರೆ ಉಂಗುರ ತುಂಡಾಗುತ್ತದೆ, ಶಬ್ದ ನಿಲ್ಲುತ್ತದೆ. ಫಾರ್ವರ್ಡ್‌ನಲ್ಲಿ ಇಷ್ಟು ಮಾತ್ರ ನಿಜ.

ಅದು ಹೇಳದೆ ಬಿಟ್ಟದ್ದು ಮುಂದಿನದು. ದಪ್ಪ ಪಿನ್ ಇರುವುದು ಶಬ್ದಕ್ಕಲ್ಲ. ಒಳಗಿನ ಒಂದು ತಂತಿ ಸಡಿಲವಾಗಿ ಲೋಹದ ಪೆಟ್ಟಿಗೆಗೆ ತಗುಲಿದರೆ ಕರೆಂಟು ಆ ಪಿನ್ನಿನ ಮೂಲಕ ನೆಲಕ್ಕೆ ಹೋಗುತ್ತದೆ, ಫ್ಯೂಸ್ ಅಥವಾ ಎಂಸಿಬಿ ಬೀಳುತ್ತದೆ. ಪಿನ್ ಇಲ್ಲದಿದ್ದರೆ ಏನೂ ಬೀಳುವುದಿಲ್ಲ, ಪೆಟ್ಟಿಗೆಯೇ 230 ವೋಲ್ಟ್ ಆಗಿ ಸುಮ್ಮನೆ ಕಾಯುತ್ತದೆ. ಮಳೆಯಲ್ಲಿ ನೆನೆದು ಬಂದು, ಬರಿಗಾಲಲ್ಲಿ ತೇವದ ನೆಲದ ಮೇಲೆ ನಿಂತು ಅದನ್ನು ಮುಟ್ಟುವ ಮನುಷ್ಯನೇ ಆಗ ಅರ್ಥಿಂಗ್ ತಂತಿ.

ಸರಿಯಾದ ದಾರಿ ಸುಲಭವೇ ಇದೆ. ಕಂಪ್ಯೂಟರ್ ಮತ್ತು ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಎಷ್ಟೋ ಸಲ ಇಷ್ಟಕ್ಕೇ ಶಬ್ದ ಹೋಗುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಶಬ್ದ ನಿಂತರೆ ಕಾರಣ ಈ ಉಂಗುರ ಅಥವಾ ಚಾರ್ಜರ್. ಆಡಿಯೋ ತಂತಿಯ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಸಣ್ಣ ಸಾಧನ ಸಿಗುತ್ತದೆ. ಅದು ಶಬ್ದದ ದಾರಿಯಲ್ಲಿ ಮಾತ್ರ ಉಂಗುರವನ್ನು ತುಂಡು ಮಾಡುತ್ತದೆ, ಅರ್ಥಿಂಗ್ ಹಾಗೇ ಉಳಿಯುತ್ತದೆ. ಲೋಹದ ಭಾಗ ಮುಟ್ಟಿದಾಗ ಜುಂ ಎನ್ನುತ್ತಿದ್ದರೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ಪರೀಕ್ಷಿಸಿ. 30 ಮಿಲಿಆಂಪ್‌ನ ಆರ್‌ಸಿಸಿಬಿ ಇದೆಯೇ ಎಂದೂ ಕೇಳಿ.

ಉಳಿದ ಫಾರ್ವರ್ಡ್‌ಗಳು, ಚುಟುಕಾಗಿ

*ಒದ್ದೆಯಾದ ಸಾಧನವನ್ನು ಅಕ್ಕಿ ಡಬ್ಬದಲ್ಲಿಡಿ.* ತಪ್ಪು. ಒಳಗಿನ ನೀರನ್ನು ಅಕ್ಕಿ ಎಳೆಯುವುದಿಲ್ಲ, ಅದರ ಪುಡಿ ಮಾತ್ರ ಒಳಗೆ ಸೇರುತ್ತದೆ. ಆಪಲ್ ಕಂಪನಿ ಕೂಡ ತನ್ನ ಫೋನ್‌ಗಳ ವಿಷಯದಲ್ಲಿ ಅಕ್ಕಿ ಬೇಡ ಎಂದೇ ಹೇಳಿದೆ. ಆಫ್ ಮಾಡಿ, ಚಾರ್ಜರ್ ತೆಗೆದು, ಗಾಳಿಯಾಡುವ ಕಡೆ ಇಡಿ.

*ವಿಶೇಷ ಶಬ್ದ ಹಾಕಿದರೆ ಸ್ಪೀಕರ್‌ನ ನೀರು ಹೊರಬರುತ್ತದೆ.* ಅರ್ಧ ಸತ್ಯ. ಫೋನಿನ ಸ್ಪೀಕರ್ ಜಾಲರಿಯಲ್ಲಿ ನಿಂತ ಹನಿಗಳು ಹೊರಬರಬಹುದು. ಒಳಗೆ ಹೋದ ನೀರಿಗೆ ಇದು ಮದ್ದಲ್ಲ. ನೀರು ಬಿದ್ದ ಲ್ಯಾಪ್‌ಟಾಪನ್ನು ಇದಕ್ಕಾಗಿ ಆನ್ ಮಾಡಲೇಬೇಡಿ.

*ಸ್ಪೈಕ್ ಗಾರ್ಡ್ ಇದ್ದರೆ ಸಿಡಿಲಿನ ಭಯವಿಲ್ಲ.* ತಪ್ಪು. ಸಣ್ಣ ಏರುಪೇರಿಗೆ ಅದು ಸಾಕು, ಹತ್ತಿರ ಬಿದ್ದ ಸಿಡಿಲಿಗೆ ಸಾಲದು. ಮಾರ್ಚ್–ಏಪ್ರಿಲ್‌ನ ಹೂಮಳೆಯ ಮೋಡ ಕವಿಯುವಾಗಲೇ ಪ್ಲಗ್, ನೆಟ್ ಕೇಬಲ್ ಎರಡನ್ನೂ ತೆಗೆಯಿರಿ. ತಲೆಯ ಮೇಲೆ ಸಿಡಿಲು ಶುರುವಾದ ಮೇಲೆ ಪ್ಲಗ್ ಮುಟ್ಟಲು ಹೋಗಬೇಡಿ.

*ಉಬ್ಬಿದ ಬ್ಯಾಟರಿಗೆ ಸೂಜಿ ಚುಚ್ಚಿದರೆ ಗಾಳಿ ಹೋಗಿ ಸರಿಯಾಗುತ್ತದೆ.* ಅತ್ಯಂತ ಅಪಾಯ. ಒಳಗಿರುವುದು ಬೆಂಕಿ ಹತ್ತುವ ಅನಿಲ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಅಡಿಭಾಗ ಮೇಜಿನ ಮೇಲೆ ಅಲ್ಲಾಡಿದರೆ ಬ್ಯಾಟರಿ ಉಬ್ಬಿರಬಹುದು. ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ, ಬದಲಿಸಿ. ಹಳೆಯದನ್ನು ತೋಟದಲ್ಲಿ ಹೂಳಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಸುಟ್ಟ ವಾಸನೆ, ಕಿಡಿ, ಶಾಕ್, ಉಬ್ಬಿದ ಬ್ಯಾಟರಿ: ಈ ನಾಲ್ಕರಲ್ಲಿ ಯಾವುದು ಕಂಡರೂ ಮನೆಯ ಪ್ರಯೋಗ ಅಲ್ಲಿಗೇ ಮುಗಿಯಬೇಕು. ದಪ್ಪ ಪಿನ್ ತೆಗೆಯಿರಿ ಎಂಬ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಕಂಡರೆ ಸುಮ್ಮನೆ ದಾಟಿಹೋಗಬೇಡಿ. ಶಬ್ದ ನಿಲ್ಲುವುದು ನಿಜ, ಆದರೆ ಜೀವಕ್ಕೆ ಇರುವ ಕಾವಲೂ ಅದರೊಂದಿಗೇ ಹೋಗುತ್ತದೆ ಎಂದು ಅದರ ಕೆಳಗೇ ಬರೆಯಿರಿ.